ಕಪ್ಪ ಎಂಬ ಎರಡಕ್ಷರ

(ಶ್ರೀಕಾರ್ಯದ ನಮ್ಮ ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ)



ಇಂದು ಮಾತನಾಡಬೇಕಾಗಿದ್ದ ಮೇಷ್ಟರಿಗೆ ಬರಲಾಗಲಿಲ್ಲ. ಅವರ ಜಾಗದಲ್ಲಿ ನಮ್ಮನ್ನು ನಿಲ್ಲಿಸಿದ್ದಾರೆ. ನಾವು ಪಂಡಿತರಲ್ಲ. ಹತ್ತನೆಯ ತರಗತಿ ದಾಟಿ, ಹಗಲೆಲ್ಲ ಗಿರಣಿಯಲ್ಲಿ ನೂಲಿನ ಬೇಲುಗಳ ಲೆಕ್ಕ ಬರೆದು, ಸಂಜೆ ಇಲ್ಲಿ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ಆದುದರಿಂದ ದೊಡ್ಡ ವಿಷಯವನ್ನು ಎತ್ತಿಕೊಂಡಿಲ್ಲ. ಎರಡೇ ಅಕ್ಷರದ ಒಂದು ಮಾತನ್ನು ತೆಗೆದುಕೊಂಡಿದ್ದೇವೆ. ಆ ಮಾತು ‘ಕಪ್ಪ’. ಅದನ್ನೇ ಏಕೆ ಆರಿಸಿದೆವು ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಅದರಲ್ಲಿ ನಮ್ಮದೊಂದು ತಪ್ಪಿದೆ.

ಹನ್ನೊಂದು ವರ್ಷದ ಹಿಂದೆ ನಾವು ಈ ಊರಿಗೆ ಬಂದ ಮೊದಲ ವಾರದ ಮಾತು. ಶ್ರೀಕಾರ್ಯದ ಒಂದು ಚಹದ ಅಂಗಡಿಯಲ್ಲಿ ಕುಳಿತಿದ್ದೆವು. ಅಂಗಡಿಯವರು ಹತ್ತಿರ ಬಂದು, “ಕಪ್ಪ ಎಡುಕ್ಕಟ್ಟೇ?” ಎಂದರು. ನಮಗೆ ಮಲಯಾಳ ತಿಳಿಯದು. ಕಿವಿಗೆ ಬಿದ್ದದ್ದು ‘ಕಪ್ಪ’ ಒಂದೇ. ಮೈಸೂರು ಕಡೆಯ ಶಾಲೆಯಲ್ಲಿ ಓದಿದವರಿಗೆ ಕಪ್ಪ ಎಂದರೆ ಏನು? ಪಾಳೆಯಗಾರ ದೊರೆಗೆ ಒಪ್ಪಿಸಬೇಕಾದ ಕಾಣಿಕೆ. ಕೊಡದಿದ್ದರೆ ದಂಡು ಬರುತ್ತದೆ. ಚಹ ಕುಡಿಯುವ ಮೊದಲೇ ಕಪ್ಪ ಕೇಳುತ್ತಾರಲ್ಲ ಎಂದು ನಾವು ಜೇಬು ಮುಟ್ಟಿ ನೋಡಿಕೊಂಡೆವು. ಅಷ್ಟರಲ್ಲಿ ಬಾಳೆಯೆಲೆಯ ತುಂಡಿನ ಮೇಲೆ ಬೆಳ್ಳಗೆ ಬೆಂದ ಗೆಡ್ಡೆ, ಪಕ್ಕದಲ್ಲಿ ಖಾರದ ಚಟ್ನಿ ಬಂದು ಕುಳಿತವು. ಕೊಡಬೇಕೆಂದುಕೊಂಡಿದ್ದ ಕಪ್ಪ ನಮಗೇ ಸಂದಿತು.

ಆ ದಿನ ನಕ್ಕು ಬಿಟ್ಟೆವು. ಆಮೇಲೆ ಯೋಚಿಸಿದರೆ, ಇದು ಬರಿಯ ನಗೆಯ ಮಾತಲ್ಲ.

ಮೊದಲು ನಮ್ಮ ಕಪ್ಪವನ್ನೇ ನೋಡೋಣ. ಕಾಣಿಕೆ ಎಂಬ ಅರ್ಥದ ಈ ಮಾತು ನಾಲ್ಕು ಭಾಷೆಗಳಲ್ಲೂ ಇದೆ. ತಮಿಳಿನವರು, ಮಲಯಾಳಿಗಳು ‘ಕಪ್ಪಂ’ ಎನ್ನುತ್ತಾರೆ, ತೆಲುಗರು ‘ಕಪ್ಪಮು’ ಎನ್ನುತ್ತಾರೆ. ಕೊನೆಯ ಮಕಾರವನ್ನು ಬಿಟ್ಟವರು ನಾವು ಮಾತ್ರ. ಅವರ ‘ಮರಂ’ ನಮ್ಮಲ್ಲಿ ‘ಮರ’ ಆದಂತೆ ಅವರ ‘ಕಪ್ಪಂ’ ನಮ್ಮಲ್ಲಿ ‘ಕಪ್ಪ’. ಹೀಗೆ ಬಾಲ ಕತ್ತರಿಸಿಕೊಂಡದ್ದರಿಂದಲೇ ನಮ್ಮ ಕಾಣಿಕೆಯೂ ಇವರ ಗೆಡ್ಡೆಯೂ ಒಂದೇ ಉಡುಪಿನಲ್ಲಿ ಎದುರುಬದುರಾದವು. ಮಲಯಾಳಿಗೆ ಈ ಗೊಂದಲವಿಲ್ಲ. ಅವನಿಗೆ ಕಪ್ಪಂ ಬೇರೆ, ಕಪ್ಪ ಬೇರೆ.

ಎರಡನೆಯದು ಇನ್ನೂ ಸೊಗಸು. ನಮ್ಮಲ್ಲಿ ಮಲಯಾಳ ಬೇಗ ಕಲಿತವರು ಹೊಸಬರಿಗೆ ಒಂದು ಉಪಾಯ ಹೇಳಿಕೊಡುತ್ತಾರೆ: “ಮಲಯಾಳದ ಮಾತಿನ ಕೊನೆಯಲ್ಲಿ ಅಕಾರವಿದ್ದರೆ ಎಕಾರ ಮಾಡಿ ನೋಡು, ಕನ್ನಡವಾಗುತ್ತದೆ.” ಉಪಾಯ ಒಳ್ಳೆಯದೇ. ಇವರ ‘ತಲ’ ನಮ್ಮ ತಲೆ. ‘ಇಲ’ ನಮ್ಮ ಎಲೆ. ‘ಮಲ’ ನಮ್ಮ ಮಲೆ. ಮೀನು ಹಿಡಿಯುವ ‘ವಲ’ ನಮ್ಮ ಬಲೆ. ಸಂತೆಯಲ್ಲಿ ಕೇಳುವ ‘ವಿಲ’ ನಮ್ಮ ಬೆಲೆ. ಒಂದೇ ತಾಯಿಯ ಮಕ್ಕಳಾದ್ದರಿಂದ ಲೆಕ್ಕ ಸರಿಯಾಗಿ ಕೂಡುತ್ತದೆ. ಹೀಗೆ ಐದು ಸಲ, ಹತ್ತು ಸಲ ಕೂಡಿದ ಮೇಲೆ ಧೈರ್ಯ ಬರುತ್ತದೆ. ಹನ್ನೊಂದನೆಯ ಸಲ ‘ಕಪ್ಪ’ ಎದುರಾಗುತ್ತದೆ. ಅಕಾರ ತೆಗೆದು ಎಕಾರ ಹಾಕಿದರೆ ಏನಾಯಿತು? ಕಪ್ಪೆ!

ನಮ್ಮ ಬಳ್ಳಾರಿಯ ಗೆಳೆಯರೊಬ್ಬರು ಮೂರು ತಿಂಗಳು ಈ ಪದಾರ್ಥವನ್ನು ಮುಟ್ಟಿರಲಿಲ್ಲ. ಅವರ ಮನೆಯಲ್ಲಿ ತೆಲುಗು ನಡೆಯುತ್ತದೆ. ತೆಲುಗಿನಲ್ಲಿ ‘ಕಪ್ಪ’ ಎಂದರೆ ನೇರವಾಗಿ ಕಪ್ಪೆಯೇ. ಎಕಾರ ಹಾಕುವ ಶ್ರಮವೂ ಬೇಡ. ಅಂಗಡಿಯಲ್ಲಿ “ಕಪ್ಪಯುಂ ಮೀನುಂ” ಎಂದು ಕೂಗಿದರೆ ಅವರಿಗೆ ಕೆರೆಯೇ ಕಣ್ಣ ಮುಂದೆ ಬರುತ್ತಿತ್ತು. ಮಲಯಾಳದಲ್ಲಿ ಆ ಪ್ರಾಣಿಗೆ ‘ತವಳ’ ಎಂದು ಹೆಸರು, ತಟ್ಟೆಯಲ್ಲಿರುವುದು ಬರಿಯ ಗೆಡ್ಡೆ ಎಂದು ತಿಳಿದ ಮೇಲೆ ಈಗ ಅವರೇ ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ.

ಹಾಗಾದರೆ ಈ ಗೆಡ್ಡೆಗೆ ಕಪ್ಪ ಎಂಬ ಹೆಸರು ಎಲ್ಲಿಂದ ಬಂತು? ಬಲ್ಲವರು ಹೇಳುವುದು ಇದು: ತಮಿಳಿನಲ್ಲೂ ಮಲಯಾಳದಲ್ಲೂ ಹಡಗಿಗೆ ‘ಕಪ್ಪಲ್’ ಎನ್ನುತ್ತಾರೆ. ಹಡಗಿನಲ್ಲಿ ಬಂದ ಗೆಡ್ಡೆ ‘ಕಪ್ಪಕ್ಕಿಳಂಗ್’ ಆಯಿತು, ಬಾಯಿಯಲ್ಲಿ ಸವೆದು ‘ಕಪ್ಪ’ ಆಯಿತು. ಈ ಗಿಡದ ತವರು ದಕ್ಷಿಣ ಅಮೆರಿಕ. ಬ್ರೆಜಿಲ್ ಕಡೆಯಿಂದ ಪೋರ್ಚುಗೀಸರು ನಮ್ಮ ಪಡುವಣ ಕರಾವಳಿಗೆ ತಂದರು. ಕಪ್ಪಲ್ ಎಂಬ ಮಾತು ತಾನೇ ಹಡಗು ಹತ್ತಿ ಮಲಯ ದೇಶಕ್ಕೂ ಹೋಗಿದೆ. ಅಲ್ಲಿ ಇಂದಿಗೂ ಹಡಗಿಗೆ ‘ಕಪಲ್’ ಎಂದೇ ಹೆಸರು.

ಹಡಗಿನ ಗುರುತು ಹೊತ್ತ ಗಿಡ ಇದೊಂದೇ ಅಲ್ಲ. ಸಂಜೆ ಕಡಲತೀರದಲ್ಲಿ ಹುರಿದು ಮಾರುವ ಕಡಲೆಕಾಯಿ ಬೀಜಕ್ಕೆ ‘ಕಪ್ಪಲಂಡಿ’ ಎನ್ನುತ್ತಾರೆ. ಮೆಣಸಿನಕಾಯಿಗೆ ‘ಕಪ್ಪಲ್‌ಮುಳಗ್’ ಎಂಬ ಹೆಸರುಂಟು. ಕೋಟ್ಟಯಂ ಕಡೆಯವರು ಪರಂಗಿ ಹಣ್ಣಿಗೆ ‘ಕಪ್ಪಳಂಙ’ ಎನ್ನುತ್ತಾರೆ. ಇವೆಲ್ಲ ಸಾಗರದಾಚೆಯಿಂದ ಬಂದವೇ. ಮಲಯಾಳಿ ಬಂದ ವಾಹನವನ್ನು ನೋಡಿ ಹೆಸರಿಟ್ಟ. ನಾವು ತಂದವನನ್ನು ನೋಡಿ ಹೆಸರಿಟ್ಟೆವು: ಪರಂಗಿಯವನು ತಂದದ್ದು ಪರಂಗಿ ಹಣ್ಣು. ಅದೇ ಪರಂಗಿಯ ಹೆಸರನ್ನು ತಮಿಳಿನವರು ಕುಂಬಳಕ್ಕೆ ಕೊಟ್ಟರು. ಅಲ್ಲಿ ಹೋಗಿ ‘ಪರಂಗಿಕ್ಕಾಯ್’ ಕೇಳಿದರೆ ಸಿಹಿಗುಂಬಳ ತೂಗಿ ಕೊಡುತ್ತಾರೆ.

ಕೇರಳದೊಳಗೂ ಈ ಗೆಡ್ಡೆಗೆ ಒಂದೇ ಹೆಸರೆಂದು ತಿಳಿಯಬೇಡಿ. ಇಲ್ಲಿ ತಿರುವನಂತಪುರದ ಹಳಬರು ‘ಮರಚ್ಚೀನಿ’ ಎನ್ನುತ್ತಾರೆ. ಆ ‘ಚೀನಿ’ಯನ್ನು ಹಿಂದಿಯವನು ಕೇಳಿದರೆ ಸಕ್ಕರೆ, ನಮ್ಮ ಕರಾವಳಿಯವರು ಕೇಳಿದರೆ ಚೀನಿಕಾಯಿ, ಅಂದರೆ ಮತ್ತೆ ಸಿಹಿಗುಂಬಳ. ಮಲಬಾರಿನ ಕೋಳಿಕ್ಕೋಡು, ಮಲಪ್ಪುರಂ ಕಡೆ ಇದೇ ಗೆಡ್ಡೆಗೆ ‘ಪೂಳ’. ಅಲ್ಲಿ ಬೂರುಗದ ಮರಕ್ಕೂ ‘ಪೂಳ’ ಎಂಬ ಹೆಸರುಂಟು. ಎರಡರ ಎಲೆಯೂ ಬಿಡಿಸಿದ ಕೈಯಂತೆ ಇರುವುದನ್ನು ನೀವೇ ನೋಡಬಹುದು. ತ್ರಿಶ್ಶೂರಿನವರು ‘ಕೊಳ್ಳಿ’ ಎನ್ನುತ್ತಾರೆ. ಕನ್ನಡದವನಿಗೆ ಕೊಳ್ಳಿ ಎಂದರೆ ಉರಿಯುವ ಕಟ್ಟಿಗೆ. ಹಬ್ಬದ ದಿನ ಆ ಮಾತನ್ನು ನಾವು ಬಾಯಿಗೇ ತರುವುದಿಲ್ಲ. ಅವರು ಬೇಯಿಸಿ ತಿನ್ನುತ್ತಾರೆ.

ಇಷ್ಟು ಹೆಸರಿನ ಈ ಪರದೇಶಿ ಗಿಡ ಇಲ್ಲಿಯವರ ಅನ್ನವಾದದ್ದು ಹೇಗೆಂಬುದನ್ನೂ ಕೇಳಿ. ತಿರುವಾಂಕೂರನ್ನು 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಗಿಡಮರಗಳ ವಿಷಯದಲ್ಲಿ ಆಸಕ್ತಿಯುಳ್ಳವರು. ಬಡವರ ಹಸಿವಿಗೆ ಇದು ಆಗುತ್ತದೆಂದು ಕಂಡು ಇದರ ಬೆಳೆಗೆ ಪ್ರೋತ್ಸಾಹ ಕೊಟ್ಟರು. ಆಗ ನೆಟ್ಟದ್ದು ಎರಡನೆಯ ಮಹಾಯುದ್ಧದಲ್ಲಿ ಫಲ ಕೊಟ್ಟಿತು. ತಿರುವಾಂಕೂರು ಬರ್ಮಾದ ಅಕ್ಕಿಯನ್ನು ನಂಬಿಕೊಂಡಿತ್ತು. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಯಿತು, ಅಕ್ಕಿಯ ಹಡಗು ನಿಂತಿತು. ಆಗ ಎಷ್ಟೋ ಮನೆಗಳಲ್ಲಿ ಎರಡು ಹೊತ್ತೂ ಕಪ್ಪವೇ. ಒಂದು ಕಾಲದಲ್ಲಿ ಹಡಗಿನಿಂದ ಇಳಿದ ಗೆಡ್ಡೆ, ಹಡಗು ಬಾರದ ಕಾಲದಲ್ಲಿ ಜನರನ್ನು ಉಳಿಸಿತು.

ನಾವಿರುವ ಈ ಶ್ರೀಕಾರ್ಯದಲ್ಲೇ 1963ರಲ್ಲಿ ಕೇಂದ್ರ ಸರ್ಕಾರದ ಗೆಡ್ಡೆಗೆಣಸು ಬೆಳೆಗಳ ಸಂಶೋಧನಾ ಸಂಸ್ಥೆ ಹುಟ್ಟಿತು. ನಮ್ಮಲ್ಲಿ ಅನೇಕರು ಬಸ್ಸಿನಲ್ಲಿ ದಿನವೂ ಅದರ ಮುಂದೆ ಹಾದುಹೋಗುತ್ತೇವೆ. ಅಲ್ಲಿ ಬೆಳೆಸಿದ ತಳಿಗಳ ಹೆಸರಿಗೆ ಮೊದಲು ‘ಶ್ರೀ’ ಸೇರಿಸುವ ರೂಢಿ ಇದೆ: ಶ್ರೀ ವಿಶಾಖಂ, ಶ್ರೀ ಸಹ್ಯ, ಶ್ರೀ ಜಯ, ಹೀಗೆ. ಮೊದಲನೆಯದು ಆ ಅರಸರನ್ನು ನೆನಪಿಗೆ ತರುತ್ತದೆ.

ನಾವು ಕನ್ನಡಿಗರು ಇದನ್ನು ‘ಮರಗೆಣಸು’ ಎನ್ನುತ್ತೇವೆ. “ನಾವು ಇದನ್ನು ತಿಂದೇ ಇಲ್ಲ” ಎನ್ನುವವರು ಈ ಸಭೆಯಲ್ಲಿ ಇದ್ದೀರಿ. ಏಕಾದಶಿಯ ದಿನ ಸಬ್ಬಕ್ಕಿ ಪಾಯಸ ಉಂಡಿದ್ದೀರಲ್ಲವೆ? ಸಬ್ಬಕ್ಕಿ ಹಿಂದೆ ಪೂರ್ವ ದ್ವೀಪಗಳ ಒಂದು ತಾಳೆಯ ಜಾತಿಯ ಮರದ ತಿರುಳಿನಿಂದ ಆಗುತ್ತಿತ್ತು. ಇಂದು ನಮ್ಮ ದೇಶದ ಅಂಗಡಿಗಳಲ್ಲಿ ಸಿಗುವ ಸಬ್ಬಕ್ಕಿ ಹೆಚ್ಚಾಗಿ ಸೇಲಂ ಕಡೆಯ ಕಾರ್ಖಾನೆಗಳಲ್ಲಿ ಇದೇ ಗೆಡ್ಡೆಯ ಹಿಟ್ಟಿನಿಂದ ಮಾಡಿದ್ದು. ಹೆಸರು ಬೇರೆಯಾದ್ದರಿಂದ ನಂಟು ತಿಳಿಯಲಿಲ್ಲ, ಅಷ್ಟೆ.

ಈಗ ನಮ್ಮ ತಪ್ಪಿನ ಮಾತು.

ಹೋದ ಮಳೆಗಾಲದಲ್ಲಿ ರಾಯಚೂರು ಕಡೆಯ ಹುಡುಗನೊಬ್ಬ ಇಲ್ಲಿಗೆ ಬಂದ. ಕಟ್ಟಡದ ಕೆಲಸದವನು, ಇಪ್ಪತ್ತರ ಒಳಗಿನ ವಯಸ್ಸು. ಬಾಗಿಲಲ್ಲೇ ನಿಂತು, “ಅಣ್ಣಾರ, ಕಪ್ಪ ಅಂದ್ರ ಏನ್ರಿ?” ಎಂದು ಕೇಳಿದ. ನಾವು ಹಳೆಯ ಪತ್ರಿಕೆಗಳನ್ನು ಕಟ್ಟುತ್ತಿದ್ದೆವು. ತಲೆ ಎತ್ತದೆ, “ಗೆಣಸು ಕಣಪ್ಪ” ಎಂದೆವು. ಹುಡುಗನ ಮುಖ ಅರಳಿತು ಎಂದು ಆಮೇಲೆ ಪಕ್ಕದಲ್ಲಿದ್ದವರು ಹೇಳಿದರು. ನಾವು ನೋಡಲಿಲ್ಲ.

ಅವರ ಊರಿನ ಹೊಲದಲ್ಲಿ ಗೆಣಸನ್ನು ಅಗೆದು, ಮಣ್ಣು ಒರೆಸಿ, ಹಸಿಯಾಗಿಯೇ ಕಡಿದು ತಿನ್ನುತ್ತಾರೆ. ಅದು ಸಿಹಿಗೆಣಸು. ಈ ಹುಡುಗ ಒಂದು ಕಿಲೋ ಕಪ್ಪ ಕೊಂಡು, ಮೇಲಿನ ಸಿಪ್ಪೆ ಕೆರೆದು, ಕೋಣೆಯಲ್ಲಿ ಕುಳಿತು ಹಸಿಯಾಗಿಯೇ ತಿಂದ. ರಾತ್ರಿ ತಲೆ ಸುತ್ತು, ವಾಂತಿ. ಕೋಣೆಯ ಗೆಳೆಯರು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಬೆಳಗಾಗುವ ಹೊತ್ತಿಗೆ ಚೇತರಿಸಿಕೊಂಡ; ಎರಡು ದಿನ ಕೆಲಸಕ್ಕೆ ಹೋಗಲಾಗಲಿಲ್ಲ.

ಈ ಗೆಡ್ಡೆಯನ್ನು ಹಸಿಯಾಗಿ ತಿನ್ನಬಾರದು. ಕಡಿದಾಗ, ಜಗಿದಾಗ ಅದರೊಳಗಿನ ಒಂದು ವಸ್ತು ಒಡೆದು ಸಯನೈಡ್ ಎಂಬ ವಿಷ ಹೊರಬೀಳುತ್ತದೆ. ಜಾತಿಯಿಂದ ಜಾತಿಗೆ ಹೆಚ್ಚು ಕಡಿಮೆ ಇರುತ್ತದೆ. ಎಲೆಯಲ್ಲೂ ಸಿಪ್ಪೆಯಲ್ಲೂ ಹೆಚ್ಚು. ಎಲೆ ಮೇಯ್ದ ದನ ಸಾಯುವುದೂ ಉಂಟು. ಇಲ್ಲಿಯ ಹೆಂಗಸರು ಮಾಡುವಂತೆ ಮಾಡಬೇಕು. ಹೊರಗಿನ ಕಂದು ಸಿಪ್ಪೆ, ಅದರೊಳಗಿನ ದಪ್ಪ ಸಿಪ್ಪೆ ಎರಡನ್ನೂ ತೆಗೆದು, ತುಂಡು ಮಾಡಿ ತೊಳೆದು, ತುಂಬ ನೀರಿನಲ್ಲಿ ಮುಚ್ಚಳ ಹಾಕದೆ ಚೆನ್ನಾಗಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಬೇಕು. ಸಾರಿಗೆ ಬಳಸಬಾರದು. ಬೆಂದ ಮೇಲೂ ಕಹಿಯಾದ ತುಂಡನ್ನು ಎಸೆಯಬೇಕು. ಇಷ್ಟು ಮಾಡಿದರೆ ಭಯವಿಲ್ಲ.

ಈ ಐದಾರು ವಾಕ್ಯಗಳನ್ನು ಆ ದಿನ ಹೇಳಲು ಎರಡು ನಿಮಿಷವೂ ಬೇಕಾಗಿರಲಿಲ್ಲ. ‘ಮರಗೆಣಸು’ ಎಂದಿದ್ದರೂ ಅವನು “ಅದ್ಯಾವುದು?” ಎಂದು ಮತ್ತೊಮ್ಮೆ ಕೇಳುತ್ತಿದ್ದನೇನೋ. ‘ಗೆಣಸು’ ಎಂದು ಅವನಿಗೆ ಗೊತ್ತಿದ್ದ ಮಾತನ್ನೇ ಕೊಟ್ಟದ್ದರಿಂದ ಅವನು ಇನ್ನು ಕೇಳಬೇಕಾದ್ದು ಏನೂ ಉಳಿಯಲಿಲ್ಲ. ಚಹದ ಅಂಗಡಿಯಲ್ಲಿ ನಾವು ತಿಳಿಯದೆ ನಗೆಪಾಟಲಾದೆವು, ಹಾನಿಯಾಗಲಿಲ್ಲ. ಇಲ್ಲಿ ತಿಳಿದವರಂತೆ ಉತ್ತರ ಕೊಟ್ಟೆವು. ನಮ್ಮ ಅಸಡ್ಡೆಗೆ ಆ ಹುಡುಗ ಎರಡು ದಿನದ ಕೂಲಿಯನ್ನು ಕಪ್ಪವಾಗಿ ತೆತ್ತ.

ಅವನನ್ನು ನೋಡಲು ಹೋದಾಗ ಆ ಕೂಲಿಯ ಹಣವನ್ನು ಕೊಡಲು ಹೋದೆವು. ತೆಗೆದುಕೊಳ್ಳಲಿಲ್ಲ. “ನಿಮ್ಮ ತಪ್ಪಿಲ್ರಿ ಅಣ್ಣಾರ. ಕಹಿ ಹತ್ತಿತ್ತು. ರೊಕ್ಕ ಕೊಟ್ಟೀನಲ್ಲ ಅಂತ ತಿಂದೆ” ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನಂಗ ಮತ್ತೊಬ್ಬ ಬಂದ್ರ ಕಾಗದದ ಮ್ಯಾಲ ಬರದು ಇಡ್ರಿ” ಎಂದ.

ಬರೆದಿಟ್ಟಿದ್ದೇವೆ. ಆ ಮೇಜಿನ ಮೇಲೆ ಇರುವ ಉದ್ದನೆಯ ಲೆಕ್ಕದ ಪುಸ್ತಕವೇ ಅದು. ಮೊದಲನೆಯ ಪುಟದಲ್ಲಿ ‘ಕಪ್ಪ’ ಇದೆ. ಪುಟಕ್ಕೆ ನಾಲ್ಕು ಕಲಮು ಗೀಟು ಎಳೆದಿದ್ದೇವೆ: ಇಲ್ಲಿಯ ಮಾತು, ನಿಮ್ಮ ಊರಿನಲ್ಲಿ ಅದನ್ನು ಕೇಳಿದರೆ ತೋಚುವ ಅರ್ಥ, ಇಲ್ಲಿ ಅದರ ನಿಜವಾದ ಅರ್ಥ, ಬಳಸುವ ಕ್ರಮ. ನಾಲ್ಕನೆಯ ಕಲಮನ್ನು ದಯವಿಟ್ಟು ಖಾಲಿ ಬಿಡಬೇಡಿ. ಮೂರರಲ್ಲೇ ನಿಲ್ಲಿಸಿದ್ದರಿಂದ ಆದದ್ದನ್ನು ಈಗ ಕೇಳಿದಿರಿ. ಮಲಯಾಳ ಓದಲು ಬರುವ ಮಕ್ಕಳು ಇಲ್ಲಿಯ ಲಿಪಿಯಲ್ಲೂ ಪಕ್ಕದಲ್ಲಿ ಬರೆದರೆ ಅಂಗಡಿಯ ಬೋರ್ಡು ಓದುವವರಿಗೆ ಅನುಕೂಲ. ಕಾಸರಗೋಡಿನಿಂದ ಬಂದವರು ನಮ್ಮಲ್ಲಿ ನಾಲ್ವರಿದ್ದೀರಿ. ಎರಡು ಭಾಷೆಯೂ ಬಲ್ಲವರು ನೀವು, ಬರೆದದ್ದನ್ನು ತಿದ್ದಿಕೊಡಬೇಕು.

ಆ ಹುಡುಗ ಈಗ ಕೊಲ್ಲಂ ಕಡೆ ಕೆಲಸದಲ್ಲಿದ್ದಾನೆ. ಹೋಗುವ ಮುನ್ನ ಪುಸ್ತಕದಲ್ಲಿ ಎರಡನೆಯ ಮಾತನ್ನು ಅವನೇ ಬರೆದು ಹೋದ. ಮೂರನೆಯದನ್ನು ಇಂದು ಹೊರಡುವ ಮೊದಲು ನಿಮ್ಮಲ್ಲಿ ಯಾರಾದರೂ ಬರೆಯಿರಿ. ಪೆನ್ನು ದಾರಕ್ಕೆ ಕಟ್ಟಿದೆ.