ಬಿ ಫಾರಂ ಬರುವ ಮೊದಲೇ

(ರಾಬರ್ಟ್‌ಸನ್‌ಪೇಟೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಚುನಾವಣೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮತದಾನದ ದಿನ. ಆ ದಿನ ಸಾಲಿನಲ್ಲಿ ನಿಂತು, ಗುಂಡಿ ಒತ್ತಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರೆ ನಮ್ಮ ಕರ್ತವ್ಯ ಮುಗಿಯಿತು ಎಂದು ತಿಳಿದಿದ್ದೇವೆ. ಆದರೆ ಪ್ರತಿಯೊಂದು ಚುನಾವಣೆಯಲ್ಲೂ ಎರಡು ಆಯ್ಕೆಗಳಿರುತ್ತವೆ. ಮತಯಂತ್ರದ ಮೇಲೆ ಯಾರ ಹೆಸರಿರಬೇಕು ಎಂಬುದು ಮೊದಲನೆಯದು. ಆ ಹೆಸರುಗಳ ಪೈಕಿ ಯಾರನ್ನು ಗೆಲ್ಲಿಸಬೇಕು ಎಂಬುದು ಎರಡನೆಯದು. ಎರಡನೆಯ ಆಯ್ಕೆಗೆ ನಮ್ಮನ್ನು ಆದರದಿಂದ ಕರೆಯಲಾಗುತ್ತದೆ. ಮೊದಲನೆಯದಕ್ಕೆ ಯಾರೂ ಕರೆಯುವುದಿಲ್ಲ. ಎಲ್ಲವನ್ನೂ ನಿಶ್ಚಯಿಸಿ, ಬಂಧುಬಳಗವನ್ನು ಕೂಡಿಸಿ, ನಿಕಾಹ್‌ನ ಹೊತ್ತಿಗೆ ಹೆಣ್ಣುಮಗಳ ಒಪ್ಪಿಗೆ ಕೇಳಿದರೆ ಆ ಒಪ್ಪಿಗೆಗೆ ಎಷ್ಟು ಬೆಲೆಯಿದೆಯೋ, ಮೊದಲ ಆಯ್ಕೆಯಲ್ಲಿ ಪಾಲಿಲ್ಲದ ಮತಕ್ಕೂ ಅಷ್ಟೇ ಬೆಲೆ.

ಈ ಮೊದಲ ಆಯ್ಕೆಯ ಶಕ್ತಿ ಎಷ್ಟೆಂಬುದನ್ನು ಅರಿಯಲು ಅಮೆರಿಕದ ಅಧ್ಯಕ್ಷೀಯ ಚುನಾವಣೆಯನ್ನು ನೋಡಬೇಕು. ಅಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವುದಕ್ಕೂ ಜನರೇ ಮತ ಹಾಕುತ್ತಾರೆ. ರಾಜ್ಯಗಳು ಒಂದಾದ ಮೇಲೊಂದರಂತೆ ತಿಂಗಳುಗಟ್ಟಲೆ ತೀರ್ಪು ಕೊಡುತ್ತವೆ. ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯ 1920ರಿಂದ ಇಂತಹ ಮತದಾನವನ್ನು ಎಲ್ಲರಿಗಿಂತ ಮೊದಲು ನಡೆಸುತ್ತಾ ಬಂದಿದೆ. ತಾನೇ ಮೊದಲಿರಬೇಕೆಂದು ಕಾನೂನನ್ನೂ ಮಾಡಿಕೊಂಡಿದೆ. 2020ರ ಗಣತಿಯ ಪ್ರಕಾರ ಅದರ ಜನಸಂಖ್ಯೆ ಸುಮಾರು 13.8 ಲಕ್ಷ. ನಮ್ಮ ಕೋಲಾರ ಜಿಲ್ಲೆಯ ಜನಸಂಖ್ಯೆ 2011ರಲ್ಲೇ 15 ಲಕ್ಷ ದಾಟಿತ್ತು. ಅಂದರೆ, ನಮ್ಮ ಜಿಲ್ಲೆಗಿಂತಲೂ ಚಿಕ್ಕದಾದ ಒಂದು ರಾಜ್ಯದ ಮುಂದೆ ಮಹಾಶಕ್ತಿಯೊಂದರ ಅಧ್ಯಕ್ಷರಾಗಬಯಸುವವರು ಕೈಕಟ್ಟಿ ನಿಲ್ಲುತ್ತಾರೆ. ಅಯೋವಾ ಎಂಬ ಇನ್ನೊಂದು ರಾಜ್ಯವಿದೆ. ಅಲ್ಲಿ 1972ರಿಂದ ಪಕ್ಷದ ಬೆಂಬಲಿಗರು ಚಳಿಗಾಲದ ಸಂಜೆ ಶಾಲೆಗಳಲ್ಲಿ, ಚರ್ಚುಗಳ ಸಭಾಂಗಣಗಳಲ್ಲಿ ಕೂಡಿ, ನೆರೆಹೊರೆಯವರೊಡನೆ ಚರ್ಚಿಸಿ ತಮ್ಮ ಇಚ್ಛೆಯನ್ನು ತಿಳಿಸುವ ರೂಢಿ ಎಲ್ಲರಿಗಿಂತ ಮುಂಚೆ ನಡೆಯುತ್ತಾ ಬಂತು.

ಇದರ ಪರಿಣಾಮವೇನು? 1976ರಲ್ಲಿ ಜಿಮ್ಮಿ ಕಾರ್ಟರ್ ಎಂಬ ಹೆಸರು ಆ ದೇಶದ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅವರು ಅಯೋವಾದ ಹಳ್ಳಿ ಪಟ್ಟಣಗಳಲ್ಲಿ ಮನೆಮನೆಗೆ ಅಲೆದರು. ಫಲಿತಾಂಶದಲ್ಲಿ 'ಇನ್ನೂ ಯಾರಿಗೂ ಬದ್ಧರಲ್ಲ' ಎಂದವರೇ ಹೆಚ್ಚಿದ್ದರು. ಆದರೆ ಹೆಸರುಳ್ಳವರ ಪೈಕಿ ಕಾರ್ಟರ್ ಮೊದಲಿಗರಾದರು. ಪತ್ರಿಕೆಗಳ ದೃಷ್ಟಿ ಅತ್ತ ಹೊರಳಿತು, ಹಣ ಹರಿದುಬಂತು. ವರ್ಷದ ಕೊನೆಗೆ ಅವರು ಅಧ್ಯಕ್ಷರಾಗಿ ಚುನಾಯಿತರಾದರು. 2008ರ ಜನವರಿ 3ರಂದು, ಬಿಳಿಯರೇ ಆಗ ತೊಂಬತ್ತಕ್ಕೂ ಹೆಚ್ಚು ಶೇಕಡಾ ಇದ್ದ ಅದೇ ಅಯೋವಾದಲ್ಲಿ ಬರಾಕ್ ಒಬಾಮ ಗೆದ್ದಾಗ, ಕರಿಯನೊಬ್ಬ ಗೆಲ್ಲಲಾರ ಎಂಬ ಅನುಮಾನ ಒಂದೇ ರಾತ್ರಿಯಲ್ಲಿ ಕುಸಿಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ರಾಜ್ಯಗಳಿಗೆ ತೂಕ ಬಂದದ್ದು ಸಂಖ್ಯೆಯಿಂದಲ್ಲ, ಸಮಯದಿಂದ. ಆ ತೂಕವನ್ನು ಅವರು ಲಾಭವಾಗಿ ಪರಿವರ್ತಿಸಿಕೊಂಡರು. ಅಯೋವಾ ಮೆಕ್ಕೆಜೋಳದ ನಾಡು. ಜೋಳದಿಂದ ತಯಾರಾಗುವ ಎಥೆನಾಲ್ ಇಂಧನವನ್ನು ಹೊಗಳದೆ ಅಲ್ಲಿ ಮತ ಕೇಳುವುದು ಕಷ್ಟವೆಂಬ ಮಾತು ಆ ದೇಶದಲ್ಲಿ ಜನಜನಿತ. 2020ರಲ್ಲಿ ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರಾಗಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರಾಗಿ ಸೋತು ಸುಣ್ಣವಾಗಿದ್ದರು. ಅವರನ್ನು ಮೇಲೆತ್ತಿದ್ದು ಫೆಬ್ರವರಿ 29ರಂದು ಮತ ಹಾಕಿದ ಸೌತ್ ಕ್ಯಾರೊಲಿನಾದ ಕಪ್ಪು ಜನಾಂಗದ ಮತದಾರರು. ಆ ಮತದಾನಕ್ಕೆ ಕೆಲವೇ ದಿನಗಳ ಮುಂಚೆ, ಸುಪ್ರೀಂ ಕೋರ್ಟಿಗೆ ಕಪ್ಪು ಮಹಿಳೆಯೊಬ್ಬರನ್ನು ನೇಮಿಸುವುದಾಗಿ ಬೈಡನ್ ಅದೇ ರಾಜ್ಯದ ವೇದಿಕೆಯಲ್ಲಿ ಮಾತು ಕೊಟ್ಟರು. 2022ರಲ್ಲಿ ಕೇತಾಂಜಿ ಬ್ರೌನ್ ಜಾಕ್ಸನ್ ಆ ಪೀಠವನ್ನೇರಿದರು. ಗೆದ್ದ ಮೇಲೆ ಮನವಿಪತ್ರ ಹಿಡಿದು ಹೋಗುವುದಕ್ಕೂ ಅಭ್ಯರ್ಥಿಗೆ ನಮ್ಮ ಅಗತ್ಯವಿರುವಾಗಲೇ ಮಾತು ಪಡೆಯುವುದಕ್ಕೂ ಇರುವ ಅಂತರ ಇದು.

ಈ ವ್ಯವಸ್ಥೆ ನ್ಯಾಯಯುತವೇ ಎಂದು ನೀವು ಕೇಳಬಹುದು. ಪೂರ್ಣವಾಗಿ ಅಲ್ಲ. ಬಹುಪಾಲು ಬಿಳಿಯರಿರುವ ಎರಡು ಪುಟ್ಟ ರಾಜ್ಯಗಳು ವೈವಿಧ್ಯಮಯ ದೇಶವೊಂದರ ಪರವಾಗಿ ಮೊದಲ ಮಾತಾಡುವುದು ಸರಿಯಲ್ಲ ಎಂಬ ಆಕ್ಷೇಪ ಅಲ್ಲಿಯೇ ಬಲವಾಗಿತ್ತು. ಆದ್ದರಿಂದ 2024ಕ್ಕೆ ಡೆಮಾಕ್ರಟಿಕ್ ಪಕ್ಷ ಸರದಿಯನ್ನೇ ಬದಲಿಸಿ ಸೌತ್ ಕ್ಯಾರೊಲಿನಾವನ್ನು ಮುಂದಕ್ಕೆ ತಂದಿತು. ಮಿಶಿಗನ್ ರಾಜ್ಯಕ್ಕೂ ಮುಂಚಿನ ಸ್ಥಾನ ಸಿಕ್ಕಿತು. ಆ ಮಿಶಿಗನ್‌ನಲ್ಲಿ ಅರಬರು ಮತ್ತು ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿ ನೆಲೆಸಿರುವ ಡಿಯರ್‌ಬಾರ್ನ್ ಪಟ್ಟಣವಿದೆ. ಗಾಝಾದ ಮೇಲೆ ಬಾಂಬುಗಳು ಬೀಳುತ್ತಿದ್ದ ಆ ದಿನಗಳಲ್ಲಿ, ಫೆಬ್ರವರಿ 27ರಂದು, ಒಂದು ಲಕ್ಷಕ್ಕೂ ಹೆಚ್ಚು ಮಂದಿ ಬೈಡನ್‌ಗೆ ಮತ ಹಾಕದೆ 'ಯಾರಿಗೂ ಬದ್ಧರಲ್ಲ' ಎಂಬ ಆಯ್ಕೆಯನ್ನು ಗುರುತು ಮಾಡಿದರು. ಮುಸ್ಲಿಮರಲ್ಲದ ಯುವಜನರೂ ಅವರ ಜೊತೆಗಿದ್ದರು. ಅವರ ಬೇಡಿಕೆ ಈಡೇರಿತೇ? ಇಲ್ಲ. ಆಗಸ್ಟ್‌ನಲ್ಲಿ ಚಿಕಾಗೋದಲ್ಲಿ ನಡೆದ ಪಕ್ಷದ ಸಮಾವೇಶದಲ್ಲಿ ಫೆಲೆಸ್ತೀನ್ ಮೂಲದ ಒಬ್ಬ ಅಮೆರಿಕನ್‌ಗೆ ವೇದಿಕೆ ಕೊಡಿ ಎಂಬ ಕೋರಿಕೆಯೂ ತಿರಸ್ಕೃತವಾಯಿತು. ಮೊದಲು ಮಾತಾಡಿದವರೆಲ್ಲ ಗೆಲ್ಲುತ್ತಾರೆಂದು ನಾವು ಹೇಳುತ್ತಿಲ್ಲ. ಆದರೆ ಅವರ ನೋವು ಲೆಕ್ಕಕ್ಕೆ ಸಿಗುವ ಅಂಕಿಯಾಗಿ ದಾಖಲಾಯಿತು. ಪಕ್ಷವು ಅದನ್ನು ಕೇಳಿಸಿಕೊಳ್ಳಲಿಲ್ಲ ಎನ್ನಬಹುದು, ಅದಕ್ಕೆ ತಿಳಿದಿರಲಿಲ್ಲ ಎನ್ನುವಂತಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಹಂತಹಂತವಾಗಿ ಮತದಾನ ನಮ್ಮಲ್ಲೂ ಉಂಟು. 2024ರಲ್ಲಿ ಕೋಲಾರ ಏಪ್ರಿಲ್ 26ರಂದು ಮತ ಹಾಕಿತು. ದೇಶದ ಕೊನೆಯ ಹಂತ ಜೂನ್ 1ರಂದು ನಡೆಯಿತು. ಆದರೆ ಮುಂಚೆ ಮತ ಹಾಕಿದವರ ತೀರ್ಪು ಎಲ್ಲರ ಮತದಾನ ಮುಗಿಯುವವರೆಗೂ ಯಂತ್ರದೊಳಗೆ ಮುದ್ರೆಯೊತ್ತಿ ಕೂತಿರುತ್ತದೆ. ಜನಪ್ರತಿನಿಧಿ ಕಾಯಿದೆಗೆ 2009ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಮತಗಟ್ಟೆ ಸಮೀಕ್ಷೆಯನ್ನು ಕೂಡ ನಡುವೆ ಪ್ರಕಟಿಸುವಂತಿಲ್ಲ. ಅದು ಒಳ್ಳೆಯ ನಿಯಮವೇ. ಆದ್ದರಿಂದ ಮತದಾನದ ದಿನಾಂಕ ನಮಗೆ ಹೆಚ್ಚಿನ ಬಲವೇನನ್ನೂ ಕೊಡದು. ನಮ್ಮಲ್ಲಿ ಮೊದಲ ಆಯ್ಕೆ ನಡೆಯುವುದು ಬೇರೆ ಕಡೆ, ಬಿ ಫಾರಂ ಎಂಬ ಒಂದು ಹಾಳೆಯ ಮೇಲೆ.

ಆ ಹಾಳೆ ಕೋಲಾರದ ಪಾಲಿಗೆ ಹೇಗೆ ಬಂತೆಂದು ನೆನಪಿಸಿಕೊಳ್ಳಿ. 2023ರ ಜನವರಿಯಲ್ಲಿ ಸಿದ್ದರಾಮಯ್ಯನವರು ಕೋಲಾರದಿಂದ ಸ್ಪರ್ಧಿಸುವುದಾಗಿ ಘೋಷಿಸಿದರು. ಮಾರ್ಚ್‌ನ ಪಟ್ಟಿಯಲ್ಲಿ ಅವರ ಹೆಸರು ವರುಣಾದಲ್ಲಿತ್ತು. 2024ರ ಮಾರ್ಚ್‌ನಲ್ಲಿ ಲೋಕಸಭಾ ಟಿಕೆಟ್ಟಿಗಾಗಿ ಕಾಂಗ್ರೆಸ್ಸಿನ ಎರಡು ಬಣಗಳು ಬಹಿರಂಗವಾಗಿ ಕಾದಾಡಿದವು. ಕೆ.ಎಚ್. ಮುನಿಯಪ್ಪನವರ ಅಳಿಯನಿಗೆ ಟಿಕೆಟ್ ಕೊಟ್ಟರೆ ರಾಜೀನಾಮೆ ಕೊಡುವುದಾಗಿ ಶಾಸಕರು ಎಚ್ಚರಿಸಿದರು. ಕೊನೆಗೆ ಹೈಕಮಾಂಡ್ ಎರಡೂ ಬಣಗಳನ್ನು ಬಿಟ್ಟು ಕೆ.ವಿ. ಗೌತಮ್ ಅವರಿಗೆ ಟಿಕೆಟ್ ಕೊಟ್ಟಿತು. ಇತ್ತ ಬಿಜೆಪಿಯು ತನ್ನ ಹಾಲಿ ಸಂಸದರಿದ್ದ ಕ್ಷೇತ್ರವನ್ನೇ ಮೈತ್ರಿಯ ಲೆಕ್ಕದಲ್ಲಿ ಜೆಡಿಎಸ್‌ಗೆ ಬಿಟ್ಟಿತು. ಮಲ್ಲೇಶ್ ಬಾಬು ಗೆದ್ದರು. ಯಾರು ಯೋಗ್ಯರು, ಯಾರು ಅಲ್ಲ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಇಷ್ಟೆಲ್ಲ ನಡೆಯುವಾಗ ಗಣಿ ಮುಚ್ಚಿದ ಈ ಊರಿನ ಮತದಾರರನ್ನು ಯಾರಾದರೂ ಒಂದು ಮಾತು ಕೇಳಿದರೇ ಎಂಬುದು ಪ್ರಶ್ನೆ.

ಅಮೆರಿಕದ ಮಾದರಿಯನ್ನು ಇಲ್ಲಿ ಪ್ರಯೋಗಿಸಿದ್ದೂ ಉಂಟು. 2014ರಲ್ಲಿ ರಾಹುಲ್ ಗಾಂಧಿಯವರ ಯೋಜನೆಯಂತೆ ಕಾಂಗ್ರೆಸ್ ಬೆರಳೆಣಿಕೆಯ ಲೋಕಸಭಾ ಕ್ಷೇತ್ರಗಳಲ್ಲಿ ಅಭ್ಯರ್ಥಿಯನ್ನು ಒಳಚುನಾವಣೆಯಿಂದ ಆರಿಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಆ ಪಟ್ಟಿಯಲ್ಲಿದ್ದವು. ಸಿ. ನಾರಾಯಣಸ್ವಾಮಿ ಮತ್ತು ಜನಾರ್ದನ ಪೂಜಾರಿ ಆಯ್ಕೆಯಾದರು. ಚುನಾವಣೆಯಲ್ಲಿ ಇಬ್ಬರೂ ಸೋತರು. ಪ್ರಯೋಗ ಮುಂದುವರಿಯಲಿಲ್ಲ. ಅಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಚುನಾಯಿತ ಸದಸ್ಯರು. ಬೀದಿಯ ಮತದಾರನಿಗೆ ಆಗಲೂ ಬಾಗಿಲು ತೆರೆದಿರಲಿಲ್ಲ. ಪಕ್ಷಗಳ ಆಂತರಿಕ ಪ್ರಜಾಪ್ರಭುತ್ವವನ್ನು ಕಾನೂನಿನಿಂದಲೇ ಕಡ್ಡಾಯಗೊಳಿಸಬೇಕೆಂದು ಕಾನೂನು ಆಯೋಗವು 1999ರ ತನ್ನ 170ನೇ ವರದಿಯಲ್ಲಿ ಸಲಹೆ ಮಾಡಿತ್ತು. ಯಾವ ಪಕ್ಷಕ್ಕೂ ಅದು ಪಥ್ಯವಾಗಲಿಲ್ಲ.

ನಮ್ಮ ಮಟ್ಟಿಗೆ ಈ ವಿಷಯ ಇನ್ನಷ್ಟು ಗಂಭೀರವಾಗಿದೆ. 2008ರಿಂದ ಜಾರಿಯಲ್ಲಿರುವ ಕ್ಷೇತ್ರ ವಿಂಗಡಣೆಯಲ್ಲಿ ಕೆಜಿಎಫ್, ಬಂಗಾರಪೇಟೆ, ಮುಳಬಾಗಿಲು ಮತ್ತು ಕೋಲಾರ ಲೋಕಸಭೆ, ಇವೆಲ್ಲವೂ ಪರಿಶಿಷ್ಟ ಜಾತಿಗೆ ಮೀಸಲು. ಶತಮಾನಗಳಿಂದ ತುಳಿತಕ್ಕೊಳಗಾದವರಿಗೆ ಸಿಕ್ಕ ಈ ಹಕ್ಕನ್ನು ನಾವು ಮನಃಪೂರ್ವಕ ಬೆಂಬಲಿಸುತ್ತೇವೆ. ನೆಲದಾಳದಲ್ಲಿ ಜೀವ ಸವೆಸಿ ಚಿನ್ನ ತೆಗೆದವರಲ್ಲಿ ದೊಡ್ಡ ಪಾಲು ಅವರದೇ. ಆದರೆ ಇದರ ಅರ್ಥವನ್ನು ಗ್ರಹಿಸಬೇಕು. ಇಲ್ಲಿಯ ಮುಸ್ಲಿಮನು ವಿಧಾನಸಭೆಗಾಗಲಿ ಲೋಕಸಭೆಗಾಗಲಿ ತನ್ನ ಊರಿನಿಂದ ಸ್ಪರ್ಧಿಸಲಾರ. ಅಂದ ಮೇಲೆ, ಯಾರು ಅಭ್ಯರ್ಥಿಯಾಗಬೇಕು ಎಂಬ ಸಮಾಲೋಚನೆಯಲ್ಲೂ ಅವನಿಲ್ಲದಿದ್ದರೆ ಅವನಿಗೆ ಉಳಿಯುವುದು ಬೆರಳಿನ ಶಾಯಿ ಮಾತ್ರ.

ಇದಕ್ಕೆ ಪಕ್ಷಗಳನ್ನಷ್ಟೇ ದೂರಿದರೆ ಸಾಲದು. ಸಮುದಾಯವು ಎಚ್ಚರಗೊಳ್ಳುವುದು ಯಾವಾಗ? ಮತದಾನಕ್ಕೆ ಎರಡು ದಿನ ಉಳಿದಾಗ. ಕೆಲವು ಮುಖಂಡರು ಒಂದು ಕೋಣೆಯಲ್ಲಿ ಕೂತು 'ನಮ್ಮವರ ಮತವೆಲ್ಲ ನಿಮಗೇ' ಎಂದು ಮಾತು ಕೊಟ್ಟು ಬರುತ್ತಾರೆ. ಮತವೆಂಬುದು ಒಬ್ಬೊಬ್ಬರ ಕೈಯಲ್ಲಿರುವ ಅಮಾನತ್ತು. ಅದನ್ನು ಸಗಟು ಲೆಕ್ಕದಲ್ಲಿ ಒಪ್ಪಿಸಲು ಇವರಿಗೆ ಅಧಿಕಾರ ಕೊಟ್ಟವರಾರು? ಮನೆಯ ಹೆಂಗಸರನ್ನು ಕೇಳಿದ್ದಾರೆಯೇ? ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ತರುಣನನ್ನು ಕೇಳಿದ್ದಾರೆಯೇ? ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ರೂಢಿ ನಿಲ್ಲಬೇಕು.

ಕರ್ನಾಟಕದ ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ ನಡೆಯಬೇಕಾಗಿದೆ. ಬಿ ಫಾರಂ ಆ ವರ್ಷ ಬರುತ್ತದೆ. ಪ್ರಶ್ನೆಗಳು ಅದಕ್ಕೆ ಒಂದು ವರ್ಷ ಮುಂಚೆಯೇ ಹೊರಡಬೇಕು. ಟಿಕೆಟ್ ಬಯಸುವ ಎಲ್ಲ ಪಕ್ಷಗಳ ಆಕಾಂಕ್ಷಿಗಳನ್ನೂ ಊರ ಸಭೆಗೆ ಕರೆಯೋಣ. ಆ ಸಭೆ ಕೇವಲ ಮುಸ್ಲಿಮರದ್ದಾಗಿರಬಾರದು. ಮೀಸಲಾತಿಯ ಹಕ್ಕುದಾರರಾದ ದಲಿತ ಬಂಧುಗಳು, ತಮಿಳು, ತೆಲುಗು, ಕನ್ನಡ, ಉರ್ದು ಆಡುವ ನೆರೆಹೊರೆಯವರೆಲ್ಲ ಅದರಲ್ಲಿರಬೇಕು. ಮಹಿಳೆಯರು ಪರದೆಯ ಹಿಂದೆ ಕೇಳುಗರಾಗಿ ಉಳಿಯದೆ ಪ್ರಶ್ನೆ ಕೇಳುವವರಾಗಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದರ ಬದಲಿಗೆ ಇಲ್ಲಿ ಯಾವ ಉದ್ಯೋಗ ತರುವಿರಿ? ಗಾಳಿ ಬೀಸಿದಾಗ ಸೈನೈಡ್ ದಿಬ್ಬಗಳಿಂದ ಎದ್ದು ಮನೆಗಳೊಳಗೆ ಬರುವ ಧೂಳಿಗೆ ಪರಿಹಾರವೇನು? ಗಣಿ ಕಾರ್ಮಿಕರ ಮನೆಗಳ ಹಕ್ಕಿನ ವಿಷಯದಲ್ಲಿ ನಿಮ್ಮ ನಿಲುವೇನು? ಉತ್ತರಗಳನ್ನು ಬರೆದುಕೊಂಡು, ಪಕ್ಷಗಳ ಜಿಲ್ಲಾ ಕಚೇರಿಗಳಿಗೂ ಬೆಂಗಳೂರಿಗೂ ಕಳುಹಿಸೋಣ. ಈ ಊರಿನಲ್ಲಿ ಇಂಥವರು ಉತ್ತರ ಕೊಟ್ಟರು, ಇಂಥವರು ಬರಲೇ ಇಲ್ಲ ಎಂದು ಹೈಕಮಾಂಡ್‌ಗೆ ತಿಳಿಯಲಿ.

ಇದಕ್ಕೆ ಕಾನೂನಿನ ಅನುಮತಿ ಬೇಡ, ಹೆಚ್ಚಿನ ಹಣವೂ ಬೇಡ. ಒಂದು ಶಾಲೆಯ ಅಂಗಳ, ನೂರು ಕುರ್ಚಿ, ಮುಂಚಿತವಾಗಿ ನಿಗದಿಯಾದ ಒಂದು ದಿನಾಂಕ ಸಾಕು. ಆ ದಿನಾಂಕವನ್ನು ಇಂದಿನ ಸಭೆ ಮುಗಿಯುವ ಮುನ್ನವೇ ಗೊತ್ತುಪಡಿಸಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತಾ ನಮ್ಮ ಮಾತುಗಳನ್ನು ಮುಗಿಸುತ್ತೇವೆ.