ಹೊಡೆದ ಔಷಧಿ ಎಲ್ಲಿಗೆ ಹೋಗುತ್ತದೆ?

(ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗೆ ನೀಡಿದ ಉಪನ್ಯಾಸ)



"ಪರಿಸರ ಮತ್ತು ಆರೋಗ್ಯ" ಅಂದ ಕೂಡಲೇ ಗಿಡ ನೆಡಿ, ಚರಂಡಿ ಸ್ವಚ್ಛವಾಗಿಡಿ ಎಂಬ ಮಾತು ಬರುತ್ತದೆ. ಅದನ್ನು ನೀವು ಬೇಕಾದಷ್ಟು ಸಲ ಕೇಳಿದ್ದೀರಿ. ಇವತ್ತು ನಾನು ಬೇರೆ ಒಂದು ವಿಷಯ ತೆಗೆದುಕೊಂಡಿದ್ದೇನೆ. ಭೂಮಿಯ ಉತ್ತರ ತುದಿಯಲ್ಲಿ ಹಿಮದ ನಾಡೊಂದಿದೆ. ಅಲ್ಲಿ ಹೊಲವಿಲ್ಲ, ತೋಟವಿಲ್ಲ, ಔಷಧಿ ಅಂಗಡಿಯಿಲ್ಲ. ಆದರೂ ಅಲ್ಲಿನ ತಾಯಂದಿರ ಎದೆಹಾಲಿನಲ್ಲಿ ವಿಷ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಹೋಯಿತು? ಇದನ್ನು ತಿಳಿದುಕೊಂಡರೆ ನಮ್ಮ ಮನೆ ಅಟ್ಟದ ಮೇಲಿರುವ ಔಷಧಿ ಡಬ್ಬಿಯನ್ನು ನಾವು ನೋಡುವ ರೀತಿಯೇ ಬದಲಾಗುತ್ತದೆ.

ನಿಮ್ಮಲ್ಲಿ ರೇಷ್ಮೆ ಸಾಕುವವರು ಬಹಳ ಜನ ಇದ್ದೀರಿ. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಗಾಳಿ ನಮ್ಮ ಕಡೆ ಬೀಸಿದರೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಅದು ಕೂರುತ್ತದೆ. ಕಣ್ಣಿಗೆ ಕಾಣೋದಿಲ್ಲ, ವಾಸನೆಯೂ ಇರೋದಿಲ್ಲ. ಆ ಸೊಪ್ಪು ತಿಂದ ಹುಳು ಒದ್ದಾಡಿ ಸಾಯುತ್ತದೆ. ನಾಲ್ಕನೇ ಜ್ವರ ಎದ್ದು, ಇನ್ನೇನು ಹಣ್ಣಾಗಬೇಕು ಅನ್ನುವಾಗ ಹೀಗಾದರೆ ಸಂಘದಿಂದ ತೆಗೆದ ಸಾಲ ತೀರಿಸುವುದು ಹೇಗೆ? ಹೊಡೆದ ಔಷಧಿ ಹೊಡೆದ ಜಾಗದಲ್ಲೇ ಇರೋದಿಲ್ಲ ಅನ್ನುವುದನ್ನು ನಿಮಗೆ ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿಲ್ಲ.

ಆದರೆ ಪಕ್ಕದ ಹೊಲಕ್ಕೆ ಹೋಗುವುದು ಬೇರೆ, ಸಾವಿರಾರು ಮೈಲಿ ಹೋಗುವುದು ಬೇರೆ. ಇದನ್ನು ಬಿಡಿಸಿ ಹೇಳಿದವರು ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದ ಪರಿಸರ ರಸಾಯನ ವಿಜ್ಞಾನಿಗಳಾದ ಫ್ರಾಂಕ್ ವಾನಿಯಾ ಮತ್ತು ಡೊನಾಲ್ಡ್ ಮೆಕೇ. 1993ರಲ್ಲಿ ಅವರು ಬರೆದ ಲೇಖನದ ಸಾರವನ್ನು ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ. ಸೀರೆ ಪೆಟ್ಟಿಗೆಗೆ ನುಸಿಗುಳಿಗೆ ಹಾಕುತ್ತೇವಲ್ಲ, ಆರು ತಿಂಗಳು ಬಿಟ್ಟು ನೋಡಿದರೆ ಗುಳಿಗೆ ಇರೋದಿಲ್ಲ. ಅದು ಕರಗಿ ನೀರಾಗಲಿಲ್ಲ, ನಿಧಾನವಾಗಿ ಗಾಳಿಯಾಗಿ ಹೋಯಿತು. ಕೆಲವು ಕೀಟನಾಶಕಗಳೂ ಹೀಗೇ. ಬಿಸಿಲಿನ ನಾಡಿನಲ್ಲಿ ಮಣ್ಣಿನಿಂದ, ಎಲೆಯಿಂದ ಗಾಳಿಗೆ ಏಳುತ್ತವೆ. ಇನ್ನು ಅನ್ನದ ಪಾತ್ರೆಯ ಮುಚ್ಚಳ ನೆನಪು ಮಾಡಿಕೊಳ್ಳಿ. ಆವಿ ಮೇಲೆದ್ದು ತಣ್ಣಗಿರುವ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೂರುತ್ತದೆ. ಭೂಮಿಗೆ ಎರಡು ತಣ್ಣನೆಯ ಮುಚ್ಚಳಗಳಿವೆ, ಉತ್ತರ ಧ್ರುವ ಒಂದು, ದಕ್ಷಿಣ ಧ್ರುವ ಒಂದು. ಗಾಳಿಗೆ ಎದ್ದ ವಿಷ ತಂಪು ಸಿಕ್ಕಿದ ಕಡೆ ಇಳಿಯುತ್ತದೆ, ಬಿಸಿಲು ಬಂದರೆ ಮತ್ತೆ ಏಳುತ್ತದೆ. ಹೀಗೆ ಹತ್ತಿ ಇಳಿದು ಕೊನೆಗೆ ಧ್ರುವ ಸೇರುತ್ತದೆ. ವಿಜ್ಞಾನಿಗಳು ಇದಕ್ಕೆ ಮಿಡತೆ ಜಿಗಿತ ಅಂತ ಹೆಸರಿಟ್ಟಿದ್ದಾರೆ. ಒಮ್ಮೆ ಅಲ್ಲಿ ಇಳಿದ ಮೇಲೆ, ಅಷ್ಟು ಚಳಿಯಲ್ಲಿ, ಅದು ಬೇಗ ಕೊಳೆಯುವುದೂ ಇಲ್ಲ.

ಡಿಡಿಟಿಯನ್ನು ಯಾರೂ ಹೊಡೆಯದ ದಕ್ಷಿಣ ಧ್ರುವದ ಪೆಂಗ್ವಿನ್ ಹಕ್ಕಿಗಳ ಮೈಯಲ್ಲಿ ಡಿಡಿಟಿ ಸಿಕ್ಕಿದ ಸುದ್ದಿ 1966ರಷ್ಟು ಹಿಂದೆಯೇ ಪ್ರಕಟವಾಗಿತ್ತು. ಜನ ಹಕ್ಕಿ ತಾನೇ ಅಂದುಕೊಂಡರೋ ಏನೋ.

1980ರ ದಶಕದ ಕೊನೆಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಎರಿಕ್ ಡೆವಾಯಿ ಎಂಬ ವೈದ್ಯ ಸಂಶೋಧಕರು ತಾಯಂದಿರ ಎದೆಹಾಲನ್ನು ಪರೀಕ್ಷೆ ಮಾಡುತ್ತಿದ್ದರು. ಕಾರ್ಖಾನೆಗಳಿರುವ ದಕ್ಷಿಣ ಭಾಗದ ತಾಯಂದಿರ ಹಾಲಿನೊಂದಿಗೆ ಹೋಲಿಸಲು ಉತ್ತರದ ಹಿಮನಾಡಿನ ಇನುಯಿಟ್ ತಾಯಂದಿರ ಹಾಲನ್ನೂ ತರಿಸಿದರು. ಅದು ಶುದ್ಧವಾಗಿರುತ್ತದೆ ಎಂದೇ ಎಲ್ಲರ ನಂಬಿಕೆ. ಬಂದ ಫಲಿತಾಂಶ ತಲೆಕೆಳಗಾಗಿತ್ತು. ಟ್ರಾನ್ಸ್‌ಫಾರ್ಮರ್ ಎಣ್ಣೆಗಳಲ್ಲಿ ಹಿಂದೆ ಬಳಸುತ್ತಿದ್ದ ಪಿಸಿಬಿ ಎಂಬ ರಾಸಾಯನಿಕ ಇನುಯಿಟ್ ತಾಯಂದಿರ ಹಾಲಿನಲ್ಲಿ ದಕ್ಷಿಣದವರಿಗಿಂತ ಸುಮಾರು 5 ಪಟ್ಟು ಹೆಚ್ಚಿತ್ತು.

ಯಾಕೆ ಹೀಗೆ? ಇದು ನಿಮಗೆ ಸುಲಭವಾಗಿ ಅರ್ಥವಾಗುತ್ತದೆ, ಯಾಕೆಂದರೆ ಬಡ್ಡಿಯ ಲೆಕ್ಕ ನಿಮಗೆ ಗೊತ್ತು. ಈ ವಿಷಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ. ಮೂತ್ರದಲ್ಲಿ ಹೊರಗೆ ಹೋಗುವುದಿಲ್ಲ. ಸಮುದ್ರದ ಸಣ್ಣ ಜೀವಿಯಲ್ಲಿ ಒಂದು ಚೂರು. ಅಂಥ ಸಾವಿರ ಜೀವಿ ತಿಂದ ಮೀನಿನಲ್ಲಿ ಅಸಲು, ಬಡ್ಡಿ ಎರಡೂ. ಆ ಮೀನುಗಳನ್ನು ತಿಂದ ಸೀಲ್ ಪ್ರಾಣಿಯಲ್ಲಿ ಚಕ್ರಬಡ್ಡಿ. ಇನುಯಿಟ್ ಜನರಿಗೆ ರಾಗಿ, ಅಕ್ಕಿ ಬೆಳೆಯುವ ನೆಲವಿಲ್ಲ, ಸೀಲ್ ಮತ್ತು ತಿಮಿಂಗಿಲದ ಮಾಂಸ, ಕೊಬ್ಬೇ ಅವರ ಮುದ್ದೆ ಸಾರು. ಸಾಲ ಮಾಡಿದವರು ಯಾರೋ, ಕಟ್ಟಿದವರು ಈ ತಾಯಂದಿರು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಕೇಳಿಸಿಕೊಳ್ಳಿ. ಅಲ್ಲಿನ ವೈದ್ಯರು ಎದೆಹಾಲು ನಿಲ್ಲಿಸಿ ಅಂತ ಹೇಳಲಿಲ್ಲ, ಕೊಡಿ ಅಂತಲೇ ಹೇಳಿದರು. ಎದೆಹಾಲಿಗೆ ಸಮನಾದದ್ದು ಇನ್ನೊಂದಿಲ್ಲ. ನನ್ನ ಮಾತು ಕೇಳಿ ಊರಿಗೆ ಹೋಗಿ ಯಾವ ಬಾಣಂತಿಯನ್ನೂ ಹೆದರಿಸಬೇಡಿ.

ಆ ಹೆಂಗಸರು ಅಳುತ್ತಾ ಕೂರಲಿಲ್ಲ. ಇಂಥ ವಿಷಗಳನ್ನು ನಿಲ್ಲಿಸಲು ದೇಶದೇಶಗಳ ಮಾತುಕತೆ ನಡೆಯುತ್ತಿದ್ದಾಗ, 1999ರಲ್ಲಿ, ನೈರೋಬಿ ನಗರದ ಸಭೆಯಲ್ಲಿ ಶೀಲಾ ವಾಟ್ ಕ್ಲೂಟಿಯೇ ಎಂಬ ಇನುಯಿಟ್ ಮಹಿಳೆ ವಿಶ್ವಸಂಸ್ಥೆಯ ಪರಿಸರ ವಿಭಾಗದ ಮುಖ್ಯಸ್ಥರ ಕೈಗೆ ತಾಯಿ ಮತ್ತು ಮಗುವಿನ ಪುಟ್ಟ ಕೆತ್ತನೆಯೊಂದನ್ನು ಕೊಟ್ಟರು. ಮುಂದಿನ ಮಾತುಕತೆಗಳಲ್ಲಿ ಆ ತಾಯಿ ಮಗು ಅಧ್ಯಕ್ಷರ ಮೇಜಿನ ಮೇಲೆಯೇ ಇದ್ದರು. 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಸಹಿ ಬಿತ್ತು. ಮೊದಲು 12 ವಿಷಗಳ ಪಟ್ಟಿ. ಭಾರತ 2006ರಲ್ಲಿ ಸೇರಿತು.

ಈಗ ನಮ್ಮ ಕಡೆ ಬರೋಣ. ಕಾಸರಗೋಡು ಕೇರಳಕ್ಕೆ ಸೇರಿದ್ದರೂ ಅದರ ಉತ್ತರ ಭಾಗದಲ್ಲಿ ಕನ್ನಡ, ತುಳು ಮಾತಾಡುವವರು ಬಹಳ. ಅಲ್ಲಿನ ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ, ವಾಣಿನಗರ ಎಂಬ ಊರುಗಳ ಗುಡ್ಡದ ಮೇಲೆಲ್ಲ ಸರ್ಕಾರಿ ನಿಗಮದ ಗೋಡಂಬಿ ತೋಟ. ಟೀ ಸೊಳ್ಳೆ ಎಂಬ ಕೀಟಕ್ಕೆಂದು 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಕೆಳಗೆ ಮನೆ, ಬಾವಿ, ತೊರೆ, ಶಾಲೆ. ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್ ಅವರಿಗೆ ಒಂದೇ ಸುತ್ತಿನ ಮನೆಗಳಲ್ಲಿ ಬುದ್ಧಿಮಾಂದ್ಯ ಮಕ್ಕಳು, ಅಪಸ್ಮಾರ, ಕ್ಯಾನ್ಸರ್ ಹೆಚ್ಚಾಗಿ ಕಂಡವು. ಕೃಷಿಕ ಪತ್ರಕರ್ತರಾದ ಶ್ರೀ ಪಡ್ರೆ ಬರೆದರು. ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ ಎಂಬ ಮಹಿಳೆ ಸಿಂಪಡಣೆ ನಿಲ್ಲಿಸಲು ಕೋರ್ಟಿಗೆ ಹೋದರು, 1998ರಲ್ಲಿ ತಡೆಯಾಜ್ಞೆ ತಂದರು. ಇಲಾಖೆಯ ಒಳಗಿದ್ದುಕೊಂಡು ಹಾಗೆ ಮಾಡುವುದು ಎಷ್ಟು ಕಷ್ಟ ಅಂತ ನೌಕರಿ ಮಾಡಿದವರಿಗೇ ಗೊತ್ತು.

ಅದೇ ಎಂಡೋಸಲ್ಫಾನ್ ಉತ್ತರ ಧ್ರುವದ ಗಾಳಿಯಲ್ಲೂ, ಹಿಮದಲ್ಲೂ, ಪ್ರಾಣಿಗಳ ಮೈಯಲ್ಲೂ ಸಿಕ್ಕಿತು. ಆ ಕಾಲಕ್ಕೆ ಅದನ್ನು ಜಗತ್ತಿನಲ್ಲೇ ಅತಿ ಹೆಚ್ಚು ತಯಾರಿಸುತ್ತಿದ್ದ ದೇಶ ನಮ್ಮದು. ಇಂಥ ಊರಿನ ಹನಿಯೇ ಅಲ್ಲಿಗೆ ಹೋಯಿತು ಅಂತ ಯಾರೂ ಹೇಳಲಾರರು. ಆದರೆ ಹತ್ತಿರದವರಿಗೆ ಮಾಡಿದ ಕೇಡು, ದೂರದ ಪ್ರಯಾಣ ಎರಡೂ ಒಂದೇ ಡಬ್ಬಿಯಿಂದ ಹೊರಟವು. 2011ರ ಏಪ್ರಿಲ್‌ನಲ್ಲಿ ಅದು ಸ್ಟಾಕ್‌ಹೋಮ್ ಪಟ್ಟಿಗೆ ಸೇರಿತು. ಅದೇ ವರ್ಷ ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಕೋರ್ಟ್ ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಎಷ್ಟೋ ಮಕ್ಕಳು ತೀರಿಹೋಗಿದ್ದರು.

ನಿಲ್ಲಿಸಿದ್ದರಿಂದ ಏನು ಲಾಭ ಅಂತ ಕೇಳಿದರೆ ಅದಕ್ಕೂ ಉತ್ತರ ಇದೆ. ಹಳೆಯ ವಿಷಗಳನ್ನು ನಿಲ್ಲಿಸಿದ ಮೇಲೆ ಇನುಯಿಟ್ ತಾಯಂದಿರ ರಕ್ತದಲ್ಲಿ ಪಿಸಿಬಿ, ಡಿಡಿಟಿ ವರ್ಷದಿಂದ ವರ್ಷಕ್ಕೆ ಇಳಿದಿವೆ.

ನಮ್ಮ ಹಿರಿಯರು ಬಳಸಿದ ಬಿಎಚ್‌ಸಿ ಪುಡಿ 1997ರಲ್ಲಿ ನಿಂತಿತು. ಡಿಡಿಟಿ 1989ರಲ್ಲೇ ಬೇಸಾಯಕ್ಕೆ ನಿಷೇಧವಾಯಿತು. ಗೆದ್ದಲಿಗೆಂದು ನಾವು ಕೊಳ್ಳುತ್ತಾ ಬಂದಿರುವ ಕ್ಲೋರ್‌ಪೈರಿಫಾಸ್ ಕೂಡ, ಕೆಲವು ವಿನಾಯಿತಿಗಳೊಂದಿಗೆ, 2025ರಲ್ಲಿ ಅದೇ ಪಟ್ಟಿಗೆ ಸೇರಿದೆ. ಅದೂ ಧ್ರುವದಲ್ಲಿ ಸಿಕ್ಕಿದೆ.

ಡಬ್ಬಿಯ ಮೇಲಿನ ತ್ರಿಕೋನ ನೋಡಲು ನಿಮಗೆ ಹೇಳಿಕೊಟ್ಟಿರಬಹುದು. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ನೋಡುವುದು ಒಳ್ಳೆಯದೇ. ಆದರೆ ಕುಡಿದರೆ, ಮೈಗೆ ಬಿದ್ದರೆ ತಕ್ಷಣ ಎಷ್ಟು ಅಪಾಯ ಅನ್ನುವುದನ್ನು ಮಾತ್ರ ಆ ಬಣ್ಣ ಹೇಳುತ್ತದೆ. ಎಷ್ಟು ವರ್ಷ ಉಳಿಯುತ್ತದೆ, ಎಷ್ಟು ದೂರ ಹೋಗುತ್ತದೆ ಅನ್ನುವುದನ್ನು ಹೇಳುವುದಿಲ್ಲ. ಆದ್ದರಿಂದ ಬಣ್ಣದ ಜೊತೆ ಹೆಸರನ್ನೂ ಓದಬೇಕು.

ಮನೆಯಲ್ಲಿ ಔಷಧಿ ಕಲಸುವುದು, ನೀರು ಹೊತ್ತು ಕೊಡುವುದು, ಹೊಡೆದವರ ಬಟ್ಟೆ ಒಗೆಯುವುದು ಬಹಳ ಕಡೆ ಹೆಂಗಸರ ಪಾಲಿಗೇ ಬರುತ್ತದೆ. ಗರ್ಭಿಣಿ, ಬಾಣಂತಿಯರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಸಬೇಡಿ. ಖಾಲಿ ಡಬ್ಬಿಯಲ್ಲಿ ಎಣ್ಣೆ, ಸೀಮೆಎಣ್ಣೆ, ನೀರು ಯಾವುದನ್ನೂ ತುಂಬಬೇಡಿ, ತೂತು ಮಾಡಿಬಿಡಿ. ಹಂಡೆ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರ್, ಪಿವಿಸಿ ಪೈಪಿನ ತುಂಡು ಹಾಕುವ ರೂಢಿ ಇದೆ. ಅದರ ಹೊಗೆಯಲ್ಲಿ ಹುಟ್ಟುವ ಡಯಾಕ್ಸಿನ್ ಸ್ಟಾಕ್‌ಹೋಮ್‌ನ ಮೊದಲ 12 ವಿಷಗಳಲ್ಲೇ ಒಂದು.

ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘದವರೂ ಒಂದು ಹಾಳೆ ತನ್ನಿ. ಡಬ್ಬಿ ತರಬೇಡಿ, ಹೆಸರು ಮಾತ್ರ. ಟೊಮೆಟೊಗೆ ಏನು ಹೊಡೆಯುತ್ತೀರಿ, ಶ್ರೀನಿವಾಸಪುರದವರು ಮಾವಿನ ಹೂವಿಗೆ ಏನು ಹೊಡೆಯುತ್ತೀರಿ, ಅಂಗಡಿಯವರು ಬಿಲ್ಲು ಕೊಟ್ಟರೋ ಇಲ್ಲವೋ, ಎಲ್ಲಾ ಬರೆದು ತನ್ನಿ. ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿ. ಕೃಷಿ ಅಧಿಕಾರಿಗಳನ್ನು ಕರೆಸಿ, ಒಂದೊಂದೇ ಹೆಸರು ಓದಿ ಕೇಳೋಣ.