ನಾಣ್ಯದ ಮೇಲಿನ ಜೋಡಿ ಮೀನು

(ಉಪನ್ಯಾಸದ ಬರಹರೂಪ)



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮನೆಗಳಲ್ಲಿ ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯನ್ನೋ ದೇವರ ಕೋಣೆಯ ಡಬ್ಬಿಯನ್ನೋ ಮಗುಚಿದರೆ ನಾಲ್ಕಾರು ನಾಣ್ಯಗಳು ಉರುಳಿ ಬೀಳುವುದುಂಟು. ನಡುವೆ ತೂತಿರುವ ಕಾಸು, ಹುಲಿ ಚಿತ್ರದ ರೂಪಾಯಿ, ಘೇಂಡಾಮೃಗದ ನಾಲ್ಕಾಣೆ. ಕಂಡೊಡನೆ ಏಳುವ ಪ್ರಶ್ನೆ ಒಂದೇ: ಇದಕ್ಕೆ ಈಗ ಎಷ್ಟು ಸಿಕ್ಕೀತು? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಇನ್ನೆರಡಿವೆ. ಇದನ್ನು ಈ ಲೋಹದಲ್ಲೇ ಏಕೆ ಮಾಡಿದರು? ಇದರ ಮೇಲೆ ಈ ಪ್ರಾಣಿ ಏಕೆ ಬಂತು?

ಹೊಸ ಹೊಸ ಲೋಹಗಳ ಪ್ರಯೋಗ ಇಂದಿನದಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕಾರವಾರದ ಸೀಮೆಯಲ್ಲಿ ಚಲಾವಣೆಯಲ್ಲಿದ್ದ ಚುಟುಕುಲಾನಂದ, ಮೂಲಾನಂದ ಎಂಬ ಅರಸರ ನಾಣ್ಯಗಳು ಸೀಸದವು. ಒಂದು ಬದಿಯಲ್ಲಿ ಕಮಾನಿನ ಮೇಲೆ ಕಮಾನು ಪೇರಿಸಿದಂತಹ ಬೆಟ್ಟ. ಇನ್ನೊಂದು ಬದಿಯಲ್ಲಿ ಕಟಕಟೆಯೊಳಗೆ ನಿಂತ ಮರ. ಸೀಸ ಕಡಿಮೆ ಶಾಖಕ್ಕೆ ಕರಗುತ್ತದೆ, ಸುಲಭವಾಗಿ ಅಚ್ಚು ಹಿಡಿಯುತ್ತದೆ. ಆದರೆ ಮೆತ್ತಗಿನ ಲೋಹವಾದ್ದರಿಂದ ಬೇಗ ಸವೆಯುತ್ತದೆ.

ತುಳುನಾಡನ್ನು ಹಲವು ಶತಮಾನಗಳ ಕಾಲ ಆಳಿದ ಆಳುಪರದು ಚಿನ್ನದ ದಾರಿ. ಅವರ ಪುಟ್ಟ ನಾಣ್ಯಗಳ ಒಂದು ಬದಿಯಲ್ಲಿ ಕೊಡೆಯ ಕೆಳಗೆ ಜೋಡಿ ಮೀನು, ಇನ್ನೊಂದು ಬದಿಯಲ್ಲಿ 'ಶ್ರೀ ಪಾಂಡ್ಯ ಧನಂಜಯ' ಎಂಬ ಬರಹ. ಕಡಲತೀರದ ಅರಸರು, ಆದ್ದರಿಂದ ಮೀನು ಎಂದು ಬಿಡುವುದು ಸುಲಭ. ಆದರೆ ಮೀನು ಮಧುರೆಯ ಪಾಂಡ್ಯರ ಲಾಂಛನವೂ ಹೌದು; ಆಳುಪ ಅರಸರು 'ಪಾಂಡ್ಯ' ಎಂಬ ಹೆಸರನ್ನೂ ಧರಿಸಿದವರು. ಹಾಗಾಗಿ ಈ ಮೀನನ್ನು ಬಲೆಗೆ ಬಿದ್ದ ಮೀನಾಗಿ ನೋಡುವುದಕ್ಕಿಂತ ಅರಸೊತ್ತಿಗೆಯ ಗುರುತಾಗಿ ನೋಡುವುದೇ ಸರಿ. ಮೇಲಿರುವ ಕೊಡೆಯೂ ಅದನ್ನೇ ಹೇಳುತ್ತದೆ.

ಕನ್ನಡ ನಾಡಿನ ಇತರ ನಾಣ್ಯಗಳಲ್ಲೂ ಪ್ರಕೃತಿ ಹೀಗೆಯೇ ಅಧಿಕಾರದ ಭಾಷೆಯಾಗಿದೆ. ಕದಂಬರದೆಂದು ಹೇಳಲಾಗುವ ಪದ್ಮಟಂಕದ ನಡುವೆ ತಾವರೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಆನೆಗಳನ್ನೇ ಎತ್ತಿ ಹಿಡಿದ ಗಂಡಭೇರುಂಡ. ವರಾಹದ ಚಿತ್ರದಿಂದ ಬಂದ 'ವರಹ' ಎಂಬ ಹೆಸರಂತೂ ಚಿತ್ರ ಬದಲಾದ ಮೇಲೂ ಉಳಿಯಿತು. ವರಹದ ಹತ್ತನೆಯ ಒಂದು ಪಾಲು 'ಹಣ'. ಅದರ ತೂಕ ಮೂರು ಗುಲಗಂಜಿಯ ಆಸುಪಾಸು. ಇಂದು ದುಡ್ಡಿಗೆಲ್ಲ ಹಣ ಎನ್ನುತ್ತೇವೆ; ಆ ಮಾತಿನ ಹಿಂದೆ ಉಗುರಿನಷ್ಟೂ ಇಲ್ಲದ ಒಂದು ಚಿನ್ನದ ಬಿಲ್ಲೆ ಇದೆ.

ಕರಾವಳಿಯ ಶಾಸನಗಳಲ್ಲಿ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಎಂಬ ಹೆಸರುಗಳು ಬರುತ್ತವೆ. ದೇವಸ್ಥಾನ, ಬಸದಿಗಳಿಗೆ ಬಿಟ್ಟ ದತ್ತಿಯ ಲೆಕ್ಕ ಇಂಥ ನಾಣ್ಯಗಳಲ್ಲೇ ನಡೆಯುತ್ತಿತ್ತು. 1430ರಲ್ಲಿ ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ ಎದ್ದಿತು. 1604ರಲ್ಲಿ ಬೆಳ್ತಂಗಡಿ ಸೀಮೆಯ ವೇಣೂರಿನಲ್ಲಿ ಬಾಹುಬಲಿ ನಿಂತ. ನೇತ್ರಾವತಿಯ ದಂಡೆಯ ಬಂಟ್ವಾಳದಿಂದ ಸರಕಿನ ದೋಣಿಗಳು ಮಂಗಳೂರಿಗೆ ಇಳಿಯುತ್ತಿದ್ದವು. ಕಲ್ಲು ಉಳಿಯಿತು. ಆ ವ್ಯಾಪಾರದಲ್ಲಿ ಕೈಯಿಂದ ಕೈಗೆ ಓಡಾಡಿದ ಚಿನ್ನ ಮಾತ್ರ ಬಹುಪಾಲು ಕರಗಿ ಒಡವೆಯಾಯಿತು.

ಇನ್ನು ಪೆಟ್ಟಿಗೆಯ ನಾಣ್ಯಗಳಿಗೆ ಬರೋಣ. ಎರಡನೆಯ ಮಹಾಯುದ್ಧದ ಕಾಲಕ್ಕೆ ಲೋಹಕ್ಕೆ ಬರ ಬಂತು. 1940ರಲ್ಲಿ ರೂಪಾಯಿಯ ಬೆಳ್ಳಿ ಶೇಕಡಾ 91.7ರಿಂದ 50ಕ್ಕೆ ಇಳಿಯಿತು. 1943ರಲ್ಲಿ ಕಂಚು ಉಳಿಸಲು ಕಾಸಿನ ನಡುವೆ ತೂತು ಬಿತ್ತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಅದರ ಮೇಲೆ ನಡೆದುಹೋಗುವ ಹುಲಿ. 1988ರ ಘೇಂಡಾಮೃಗದ ಪಾವಲಿ ತುಕ್ಕು ಹಿಡಿಯದ ಉಕ್ಕಿನದು. 25 ಪೈಸೆಯ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ನಾಣ್ಯದ ಲೋಹ ಆ ಕಾಲದ ಕಷ್ಟಸುಖದ ಲೆಕ್ಕಪುಸ್ತಕ.

ಹೊರದೇಶಗಳಲ್ಲೂ ಪ್ರಾಣಿಪಕ್ಷಿಗಳು ನಾಣ್ಯವೇರಿವೆ. ಐರ್ಲೆಂಡ್ 1928ರಲ್ಲಿ ಕುದುರೆ, ಹೋರಿ, ಕೋಳಿಗಳನ್ನು ಅಚ್ಚಿಸಿತು. ಕೆನಡಾ 1967ರಲ್ಲಿ ತೋಳ, ಮೊಲ, ಬಾತುಗಳನ್ನು ತಂದಿತು. ಆಸ್ಟ್ರಿಯಾ 2003ರಲ್ಲಿ ಬೆಳ್ಳಿಯ ಬಳೆಯೊಳಗೆ ನಿಯೋಬಿಯಂ ಲೋಹ ಕೂರಿಸಿ ಸಂಗ್ರಹಕಾರರಿಗಾಗಿ ನೀಲಿ ನಾಣ್ಯ ಮಾಡಿತು. ಅದಕ್ಕೆ ಬಣ್ಣ ಹಚ್ಚಿಲ್ಲ. ವಿದ್ಯುತ್ತಿನಿಂದ ಲೋಹದ ಮೇಲೆ ಅತಿ ತೆಳುವಾದ ಆಕ್ಸೈಡಿನ ಪದರ ಬೆಳೆಸುತ್ತಾರೆ. ಪದರ ಎಷ್ಟು ದಪ್ಪ ಎಂಬುದರ ಮೇಲೆ ಬಣ್ಣ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಎಣ್ಣೆ ಹರಡಿ ಕಾಮನಬಿಲ್ಲು ಮೂಡುವುದೂ ಇದೇ ಬೆಳಕಿನಾಟದಿಂದ. ಭಾರತದಲ್ಲಿ ಹುಲಿ ಯೋಜನೆಯ 50ನೇ ವರ್ಷದ 50 ರೂಪಾಯಿ ಸ್ಮರಣಾರ್ಥ ನಾಣ್ಯ ಬಿಡುಗಡೆಯಾದದ್ದು 2023ರ ಏಪ್ರಿಲ್‌ನಲ್ಲಿ, ಮೈಸೂರಿನಲ್ಲಿ. ಎರಡು ಮಿಶ್ರಲೋಹಗಳ, ಹನ್ನೆರಡು ಮೂಲೆಯ ಇಂದಿನ 20 ರೂಪಾಯಿ ನಾಣ್ಯದಲ್ಲಿ ಧಾನ್ಯದ ತೆನೆ ಇದೆ.

ಈಗ ಮೊದಲಿನ ಪ್ರಶ್ನೆ: ಬೆಲೆ ಎಷ್ಟು? ಹಳೆಯದೆಲ್ಲ ಅಪರೂಪವಲ್ಲ. ಲಕ್ಷಗಟ್ಟಲೆ ಅಚ್ಚಾದ ನಾಣ್ಯಕ್ಕೆ ವಯಸ್ಸಾದ ಮಾತ್ರಕ್ಕೆ ಬೆಲೆ ಏರದು. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸಿಕೊಂಡಾಗ, ತನಗೆ ಇಂಥ ವ್ಯವಹಾರವೇ ಇಲ್ಲವೆಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ಈ ಬಲೆಗೆ ಬಿದ್ದವನ ಕೈಯಲ್ಲಿ ನಾಣ್ಯ ಉಳಿದೀತು, ದುಡ್ಡು ಉಳಿಯದು.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅಡಿಕೆ ತೋಟದ ಗುಂಡಿ ತೋಡುವಾಗ ಸಿಕ್ಕ ಜೋಡಿ ಮೀನಿನ ಹಣ ಅಕ್ಕಸಾಲಿಯ ಕುಲುಮೆ ಸೇರಿದರೆ ಅದರಿಂದ ಸಿಗುವ ಚಿನ್ನ ಅರ್ಧ ಗ್ರಾಮೂ ಅಲ್ಲ. ಅದರೊಂದಿಗೆ ಕರಗುವುದು, ಆ ತೋಟದವರೆಗೆ ಆಳುಪರ ಕಾಲದ ವ್ಯಾಪಾರ ಬಂದಿತ್ತು ಎಂಬ ಏಕೈಕ ಸಾಕ್ಷಿ ಆಗಿರಬಹುದು. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನು ಇರುವುದೂ ಇದಕ್ಕಾಗಿಯೇ. ಸಿಕ್ಕ ಜಾಗ ಯಾವುದು, ಜೊತೆಗೆ ಮಡಕೆಯ ಚೂರು ಏನಾದರೂ ಇತ್ತೇ ಎಂದು ಬರೆದಿಡುವುದು ನಾಣ್ಯವನ್ನು ಜೋಪಾನ ಮಾಡಿದಷ್ಟೇ ಮುಖ್ಯ.

ಮನೆಯ ಪೆಟ್ಟಿಗೆಯ ನಾಣ್ಯಕ್ಕೂ ಒಂದು ಮಾತು. ಅದನ್ನು ಹುಣಸೆಹುಳಿ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ನಿಜ, ಅಕ್ಷರ ಹೋಗುತ್ತದೆ. ಧರ್ಮಸ್ಥಳದ ಮಂಜೂಷಾ, ಬಂಟ್ವಾಳದ ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯಗಳಲ್ಲಿ ಹಳೆಯ ವಸ್ತುಗಳನ್ನು ಜೋಪಾನ ಮಾಡಿದ ಬಗೆಯನ್ನು ಮಕ್ಕಳಿಗೆ ತೋರಿಸಿ. ಆಮೇಲೆ ಅಜ್ಜಿಯ ಡಬ್ಬಿ ತೆರೆದು ಅವರ ಕೈಗೊಂದು ನಾಣ್ಯ ಕೊಡಿ. ಬೆಲೆ ಎಷ್ಟೆಂದು ಕೇಳುವ ಮೊದಲು ಆ ಪ್ರಾಣಿ ಯಾವುದೆಂದು ಅವರು ಕೇಳಿದರೆ, ಆ ನಾಣ್ಯ ಇನ್ನೊಂದು ತಲೆಮಾರು ಉಳಿಯಿತೆಂದೇ ಲೆಕ್ಕ.